ಒಂದೇ ಕೈ ಓಡಿಸಿದ ಗಾಡಿ

ನಮ್ಮ ಚಿಕ್ಕಪ್ಪ ಕಾರು ಕೊಂಡದ್ದು ಮಾರುವುದಕ್ಕೆ. ಓಡಾಡುವುದಕ್ಕಿರಬೇಕು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಕಾರು ಮನೆಗೆ ಬಂದ ದಿನ ನಾವೂ ಹಾಗೇ ಅಂದುಕೊಂಡು ಗೇಟಿನ ಹತ್ತಿರ ಸಾಲಾಗಿ ನಿಂತಿದ್ದೆವು. ಚಿಕ್ಕಪ್ಪ ಎಂಜಿನ್ ಆರಿಸಿ ಇಳಿದರು. ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತರು.

"ನೋಡೋರು ದೂರದಿಂದ ನೋಡಿ. ಹತ್ತೋದಾದ್ರೆ ಚಪ್ಪಲಿ ಹೊರಗೆ ಬಿಟ್ಟು ಹತ್ತಿ. ಸೀಟಿನ ಪ್ಲಾಸ್ಟಿಕ್ ಯಾರೂ ಕೀಳಬಾರದು."

"ಯಾಕೆ ಚಿಕ್ಕಪ್ಪ?" ಎಂದೆ ನಾನು. ಅವರ ಅಣ್ಣನ ಮಗಳು, ಅವರದೇ ಮನೆಯ ಮೇಲಿನ ಮಹಡಿಯಲ್ಲಿರುವವಳು. ಈ ಮನೆಯಲ್ಲಿ ಯಾಕೆ ಎಂದು ಕೇಳುವ ಕೆಲಸ ಮೊದಲಿನಿಂದಲೂ ನನ್ನದೇ.

"ಮುಂದೆ ತಗೊಳ್ಳೋರು ಮೊದಲು ಸೀಟು ನೋಡ್ತಾರೆ" ಅಂದರು ಚಿಕ್ಕಪ್ಪ.

ಆ ಮುಂದಿನವರು ನಮ್ಮ ಮನೆಗೆ ಕಾಲಿಟ್ಟದ್ದು ಅವತ್ತೇ. ಹೆಸರಿಲ್ಲ, ಮುಖವಿಲ್ಲ. ಆದರೆ ಅಂದಿನಿಂದ ಆ ಮನೆಯಲ್ಲಿ ಅವರಿಗಿದ್ದಷ್ಟು ಮರ್ಯಾದೆ ಇನ್ಯಾರಿಗೂ ಇರಲಿಲ್ಲ. ಕಾರಿನಲ್ಲಿ ಬಾಳೆಹಣ್ಣು ತಿನ್ನುವಂತಿಲ್ಲ, ಮುಂದಿನವರಿಗೆ ವಾಸನೆ ಬರುತ್ತದೆ. ಬಾಗಿಲು ಜೋರಾಗಿ ಹಾಕುವಂತಿಲ್ಲ, ಮುಂದಿನವರು ಕೀಲು ಸಡಿಲ ಅಂದಾರು. ಮಳೆಯಲ್ಲಿ ಹೊರಗೆ ತೆಗೆಯುವಂತಿಲ್ಲ. ಬಿಸಿಲಿನಲ್ಲಿ ನಿಲ್ಲಿಸುವಂತಿಲ್ಲ. ಹೀಗೆ ಮಳೆ ಬಿಸಿಲು ಎರಡೂ ಇಲ್ಲದ ದಿನ ನೋಡಿಕೊಂಡು ಚಿಕ್ಕಪ್ಪ ಕಾರನ್ನು ಹೊರಗೆ ತೆಗೆದು, ಮೂಲೆಯ ಪೆಟ್ರೋಲ್ ಬಂಕ್‌ವರೆಗೆ ಹೋಗಿ, ಟೈರಿಗೆ ಗಾಳಿ ಹಾಕಿಸಿಕೊಂಡು ಬರುತ್ತಿದ್ದರು. ಬಂದ ಮೇಲೆ ಒರೆಸುತ್ತಿದ್ದರು. ಹೋಗಿಬರುವುದಕ್ಕಿಂತ ಒರೆಸುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತಿತ್ತು.

ಅವರು ಹೀಗೇಕೆ ಎಂದರೆ, ಅವರ ಕೆಲಸ ಅಂಥದ್ದು. ಫ್ರಿಜ್ಜು, ವಾಷಿಂಗ್ ಮಷೀನು, ಟೀವಿ ಮಾರುವ ದೊಡ್ಡ ಅಂಗಡಿಯೊಂದರ ಗೋದಾಮನ್ನು ಅವರು ನೋಡಿಕೊಳ್ಳುತ್ತಿದ್ದರು. ನಾನು ಒಂದೆರಡು ಸಲ ಅಲ್ಲಿಗೆ ಹೋಗಿದ್ದೇನೆ. ಸೂರಿನವರೆಗೆ ರಟ್ಟಿನ ಪೆಟ್ಟಿಗೆಗಳು, ಒಣ ರಟ್ಟಿನ ಘಾಟು, ನಡುವೆ ಒಬ್ಬರೇ ನಡೆಯುವಷ್ಟು ಓಣಿ. ಓಣಿಯ ಕೊನೆಯಲ್ಲಿ ಒಂದು ಮೂಲೆ. ಅಲ್ಲಿ ಟೇಪು ಕಿತ್ತುಹೋದ, ಒಂದು ಸಲ ಯಾರದೋ ಮನೆಗೆ ಹೋಗಿ ವಾಪಸ್ ಬಂದ ಸಾಮಾನುಗಳು. ಒಳಗಿನ ಯಂತ್ರಕ್ಕೆ ಏನೂ ಆಗಿಲ್ಲದಿದ್ದರೂ ಅದರ ಬೆಲೆ ಬಿದ್ದುಹೋಗಿರುತ್ತದೆ. ಚಿಕ್ಕಪ್ಪ ಆ ಮೂಲೆಯನ್ನು ತೋರಿಸಿ, ಮನೆತನ ಹಾಳುಮಾಡಿಕೊಂಡವರ ಬಗ್ಗೆ ಮಾತಾಡುವ ದನಿಯಲ್ಲಿ ಹೇಳಿದ್ದರು: "ಏನಿಲ್ಲಮ್ಮ, ಬರೀ ಟೇಪ್ ಕಿತ್ತಿದ್ದು. ಅಷ್ಟೇ. ಮುಗೀತು ಕಥೆ."

ಇಡೀ ಜೀವನ ಆ ಓಣಿಯಲ್ಲಿ ಓಡಾಡಿದವರು ಮನೆಗೆ ಬಂದರೆ ಬೇರೆ ಮನುಷ್ಯರಾಗುತ್ತಾರೆಯೇ? ಟೀವಿಯ ರಿಮೋಟಿಗೆ ಪ್ಲಾಸ್ಟಿಕ್ ಹೊದಿಕೆ. ಆ ಹೊದಿಕೆ ಹರಿಯದಿರಲೆಂದು ಅದಕ್ಕೊಂದು ಬಟ್ಟೆಯ ಚೀಲ. ಫ್ರಿಜ್ಜಿನ ಮೇಲೆ ಕಂಪನಿ ಅಂಟಿಸಿದ್ದ ಚೀಟಿ ಹಾಗೇ ಇತ್ತು, ಫ್ರಿಜ್ಜು ಕೆಟ್ಟು ಹೋಗುವ ದಿನದವರೆಗೂ ಹಾಗೇ ಇತ್ತು. ನೆಂಟರ ಮಕ್ಕಳೆಲ್ಲ ಅವರನ್ನು ವಾರಂಟಿ ಚಿಕ್ಕಪ್ಪ ಎಂದೇ ಕರೆಯುತ್ತಿದ್ದರು. ಚಿಕ್ಕಪ್ಪನಿಗೆ ಅದರಿಂದ ಬೇಸರವೇನಿರಲಿಲ್ಲ. ಹೊಗಳಿಕೆ ಎಂದುಕೊಂಡಿದ್ದರು.

ಇಂಥವರು ಶೋರೂಮಿಗೆ ಹೋಗಿ ಕಾರು ಬುಕ್ ಮಾಡಿದ ದಿನ ನಾನೂ ಚಿಕ್ಕಮ್ಮನೂ ಜೊತೆಗಿದ್ದೆವು. ಒಂದು ಕಟ್ಟು ಸೊಪ್ಪಿಗೂ ಚೌಕಾಸಿ ಮಾಡುವ ಮನುಷ್ಯ, ಸಾದಾ ಮಾಡಲ್ ತೆಗೆದುಕೊಳ್ಳುತ್ತಾರೆ ಎಂದು ನಾವು ತಿಳಿದಿದ್ದೆವು. ಆದರೆ ಅಲ್ಲಿದ್ದ ಸೇಲ್ಸ್‌ಮನ್ ಯಾವ ಜಾಣನೋ ಏನೋ, ಚಿಕ್ಕಪ್ಪನ ನಾಡಿ ಹಿಡಿದುಬಿಟ್ಟ. ಚಾವಣಿಯಲ್ಲಿ ತೆರೆಯುವ ಗಾಜಿನ ಸನ್‌ರೂಫ್ ತೋರಿಸಿ, "ಹಾಕಿದ ದುಡ್ಡು ರೀಸೇಲ್‌ನಲ್ಲಿ ವಾಪಸ್ ಬರುತ್ತೆ ಸರ್" ಅಂದ. ಅಷ್ಟೇ. ಚಿಕ್ಕಪ್ಪ ಕರಗಿ ನೀರಾದರು. ಆಮೇಲೆ ಚರ್ಮದ ಸೀಟು ಬಂತು, ಮಿರಿಮಿರಿ ಮಿಂಚುವ ಅಲಾಯ್ ವೀಲ್ ಬಂತು, ಅಂಗೈ ಎರಡರಷ್ಟು ಅಗಲದ ಪರದೆಯ ಮ್ಯೂಸಿಕ್ ಸಿಸ್ಟಮ್ ಬಂತು. ಎಲ್ಲವೂ ರೀಸೇಲ್‌ನಲ್ಲಿ ವಾಪಸ್ ಬರುವಂಥವೇ. ಕೊನೆಗೆ ಕಂಪನಿ ಕೊಡುವ ವಾರಂಟಿಯ ಮೇಲೆ ಇನ್ನಷ್ಟು ವರ್ಷದ ವಾರಂಟಿಯನ್ನೂ ದುಡ್ಡು ಕೊಟ್ಟು ಸೇರಿಸಿಕೊಂಡರು. ಮಾರುವಾಗ ಅದು ಮುಂದಿನವರ ಹೆಸರಿಗೆ ಹೋಗುತ್ತದೆ ಎಂದು ಗೊತ್ತಾದಾಗ ಅವರ ಕಣ್ಣು ತುಂಬಿಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಚಿಕ್ಕಮ್ಮ ಅವತ್ತು ಕೇಳಿದ್ದು ಒಂದೇ ಒಂದು ಪ್ರಶ್ನೆ. "ಇದನ್ನ ನಾನೂ ಓಡಿಸಬಹುದಾ?"

"ಓ, ಧಾರಾಳವಾಗಿ ಮೇಡಂ. ತುಂಬಾ ಹಗುರ ಸ್ಟೇರಿಂಗ್" ಅಂದ ಸೇಲ್ಸ್‌ಮನ್. ಚಿಕ್ಕಪ್ಪ ಸಹಿ ಹಾಕುತ್ತಾ ಕೂತರು.

ಚಿಕ್ಕಮ್ಮ ಹೊಲಿಗೆಯವರು. ಆಸ್ಪತ್ರೆಯ ನರ್ಸುಗಳಿಗೆ, ಹೋಟೆಲಿನ ಮಾಣಿಗಳಿಗೆ ಯೂನಿಫಾರ್ಮ್ ಹೊಲಿದುಕೊಡುವುದು ಅವರ ಕೆಲಸ. ಮನೆಯ ಮುಂದಿನ ಕೋಣೆಯಲ್ಲಿ ಎರಡು ಮಷೀನು, ಕತ್ತರಿಸುವ ಉದ್ದನೆಯ ಮೇಜು, ಗೋಡೆಯ ತುಂಬ ದಾರದ ಉಂಡೆ. ಹೊಲಿದದ್ದನ್ನು ದೊಡ್ಡ ಗಂಟು ಕಟ್ಟಿ ಬಸ್ಸಿನಲ್ಲಿ ಹೊತ್ತುಕೊಂಡು ಹೋಗುತ್ತಿದ್ದರು. ಕಂಡಕ್ಟರ್ ಗಂಟಿಗೂ ಟಿಕೆಟ್ ಕೇಳುತ್ತಿದ್ದ. ಸೀಟು ಸಿಗುತ್ತಿರಲಿಲ್ಲ. ಕಾರು ಬಂದ ಮೇಲೆ ಈ ಕಷ್ಟ ತಪ್ಪಿತು ಎಂದುಕೊಂಡು ಅವರು ಡ್ರೈವಿಂಗ್ ಸ್ಕೂಲಿಗೆ ಸೇರಿದರು. ತಲೆ ನರೆತ ವಿದ್ಯಾರ್ಥಿನಿಯನ್ನು ನೋಡಿ ಅಲ್ಲಿಯ ಹುಡುಗರು ನಕ್ಕರಂತೆ. ನಕ್ಕವರು ಟೆಸ್ಟಿನಲ್ಲಿ ಕಂಬಕ್ಕೆ ಗುದ್ದಿದರು, ಚಿಕ್ಕಮ್ಮ ಮೊದಲ ಸಲಕ್ಕೇ ಪಾಸಾದರು. ಲೈಸೆನ್ಸ್ ಕೈಗೆ ಬಂದ ಸಂಜೆ ಅವರು ನೆಟ್ಟಗೆ ಚಿಕ್ಕಪ್ಪನ ಎದುರು ನಿಂತು ಕೈ ಚಾಚಿದರು.

"ಕೀ ಕೊಡಿ."

ಚಿಕ್ಕಪ್ಪ ಲೈಸೆನ್ಸನ್ನು ಎರಡೂ ಕಡೆ ತಿರುಗಿಸಿ ನೋಡಿದರು. ಚೆನ್ನಾಗಿದೆ ಎಂದರು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡು ಎಂದರು. ಆಮೇಲೆ, ಮಕ್ಕಳಿಗೆ ಲೆಕ್ಕ ಹೇಳಿಕೊಡುವವರ ಹಾಗೆ ತಾಳ್ಮೆಯಿಂದ ವಿವರಿಸಿದರು. "ನೋಡು, ಮಾರುವಾಗ ಎಲ್ಲಕ್ಕಿಂತ ಬೆಲೆ ಬರೋದು ಯಾವುದಕ್ಕೆ ಗೊತ್ತಾ? ಒಂದೇ ಕೈ ಓಡಿಸಿದ ಗಾಡಿಗೆ. ಒಬ್ಬೊಬ್ಬರ ಕಾಲು ಒಂದೊಂದು ಥರ ಕ್ಲಚ್ ತುಳಿಯುತ್ತೆ. ಎರಡು ಕೈ ಬಿತ್ತು ಅಂದ್ರೆ ಟೇಪ್ ಕಿತ್ತ ಹಾಗೇ. ಮುಂದಿನವರಿಗೆ ನಾನು ಸುಳ್ಳು ಹೇಳೋಕಾಗುತ್ತಾ?"

"ಮತ್ತೆ ನಾನು ಕಲಿತಿದ್ದು?"

"ವಾರಂಟಿ ಮುಗಿಯೋಕೆ ಮುಂಚೆ ಇದನ್ನ ಮಾರ್ತೀನಿ. ಒಳ್ಳೆ ಬೆಲೆ ಬರುತ್ತೆ. ಆ ದುಡ್ಡಲ್ಲಿ ನಿನಗೇ ಅಂತ ಒಂದು ಚಿಕ್ಕ ಗಾಡಿ ತಗೊಳ್ಳೋಣ. ಅದನ್ನ ನೀನು ಏನು ಬೇಕಾದ್ರೂ ಮಾಡ್ಕೋ."

ಚಿಕ್ಕಮ್ಮ ಒಪ್ಪಿಕೊಂಡರು. ಯಾಕೆ ಒಪ್ಪಿಕೊಂಡರೋ ಎಂದು ನನಗೆ ಇವತ್ತಿಗೂ ಸಿಟ್ಟಿದೆ. ನಾನಾಗಿದ್ದರೆ ಅಲ್ಲೇ ಒಂದು ಕೈ ನೋಡಿಕೊಳ್ಳುತ್ತಿದ್ದೆ. ಅವರು ಲೈಸೆನ್ಸನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ದಾರದ ಡಬ್ಬಿಯಲ್ಲಿಟ್ಟು, ಮರುದಿನ ಬೆಳಿಗ್ಗೆ ಗಂಟು ಹೊತ್ತುಕೊಂಡು ಬಸ್ಸು ಹತ್ತಿದರು.

ವರ್ಷಗಳು ಹೋದವು. ಸನ್‌ರೂಫ್ ಒಂದು ಸಲವೂ ತೆರೆಯಲಿಲ್ಲ. ತೆರೆದರೆ ಅಂಚಿನ ರಬ್ಬರ್ ಸವೆಯುತ್ತದೆ. ಅಲಾಯ್ ವೀಲುಗಳು ದಾರಿಯಲ್ಲಿ ಕಲ್ಲಿಗೆ ತಾಗಿಯಾವು ಎಂದು ಅವನ್ನು ಬಿಚ್ಚಿಸಿ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಮಂಚದ ಕೆಳಗೆ ಸೇರಿಸಿದರು. ಕಾರು ಕಪ್ಪು ಕಬ್ಬಿಣದ ವೀಲುಗಳ ಮೇಲೆ ಓಡಿತು. ಓಡಿದಷ್ಟು. ಮಂಚದ ಒಂದು ಕಾಲು ಮೊದಲೇ ಅಲ್ಲಾಡುತ್ತಿತ್ತು, ಅದು ಮುರಿದ ಮೇಲೆ ವೀಲುಗಳೇ ಮಂಚಕ್ಕೆ ಆಸರೆಯಾದವು. "ಕಾರಿನ ಮೇಲೆ ಮಲಗೋ ಭಾಗ್ಯ ಎಷ್ಟು ಜನಕ್ಕಿದೆ ಹೇಳು" ಎಂದು ಚಿಕ್ಕಮ್ಮ ನನ್ನ ಹತ್ತಿರ ನಗುತ್ತಿದ್ದರು.

ದೊಡ್ಡ ಪರದೆಯ ಮ್ಯೂಸಿಕ್ ಸಿಸ್ಟಮ್‌ಗೂ ಇದೇ ಗತಿ. ಪರದೆಗೆ ಬೆರಳು ತಾಗಿ ಗೀರು ಬೀಳುತ್ತದೆ ಎಂದು ಅದನ್ನು ತೆಗೆಸಿ, ಅದರದೇ ಪೆಟ್ಟಿಗೆಯಲ್ಲಿಟ್ಟು, ಟೇಪು ಹಾಕಿ ಬೀರುವಿನಲ್ಲಿಟ್ಟರು. ಅದರ ಜಾಗಕ್ಕೆ ಬಸ್ ನಿಲ್ದಾಣದ ಹಿಂದೆ ಅಂಗಡಿ ಇಟ್ಟುಕೊಂಡಿದ್ದ ಎಲೆಕ್ಟ್ರಿಷಿಯನ್ ಒಂದು ಹಳೆಯ ರೇಡಿಯೊ ಕೂರಿಸಿಕೊಟ್ಟ. ವೈರುಗಳು ಹೊಂದಲಿಲ್ಲ. ಅವನು ಕಚಕಚ ಕತ್ತರಿಸಿ, ತಿರುಚಿ, ಕಪ್ಪು ಟೇಪು ಸುತ್ತಿ ಹೊಂದಿಸಿದ. ಒಂದು ಪೆಟ್ಟಿಗೆಯ ಟೇಪು ಕಿತ್ತರೂ ಜೀವ ಹೋದಂತೆ ಆಡುವ ಚಿಕ್ಕಪ್ಪ ಪಕ್ಕದಲ್ಲೇ ನಿಂತು ಅವನಿಗೆ ಟಾರ್ಚ್ ಹಿಡಿದರು. ಡ್ಯಾಶ್‌ಬೋರ್ಡಿನ ಒಳಗಿನದು ಯಾರ ಕಣ್ಣಿಗೆ ಬೀಳುತ್ತದೆ ಎನ್ನುವುದು ಅವರ ಧೈರ್ಯ.

ಈ ನಡುವೆ ಚಿಕ್ಕಮ್ಮನಿಗೆ ಆ ಮುಂದಿನವರ ಮೇಲೆ ಸವತಿಯ ಮೇಲಿರುವಂಥ ಸಿಟ್ಟು ಬೆಳೆಯಿತು. ಚಹಾ ಮಾಡುವಾಗ, "ನಿಮ್ಮ ಮುಂದಿನವರಿಗೂ ಒಂದು ಲೋಟ ಇಡ್ಲಾ?" ಎಂದು ಕೇಳುವರು. ಚಿಕ್ಕಪ್ಪ ಶನಿವಾರ ಕಾರು ಒರೆಸುತ್ತಿದ್ದರೆ ಕಿಟಕಿಯಿಂದ ಇಣುಕಿ, "ಮದುವೆ ಆದ ಹೊಸದರಲ್ಲಿ ನನ್ನನ್ನೂ ಇಷ್ಟು ನೋಡ್ಕೊಂಡಿದ್ರಾ, ನೆನಪೇ ಆಗ್ತಿಲ್ಲ" ಎನ್ನುವರು. ತಮಾಷೆಯೇ. ಆದರೆ ಒಂದು ಮಳೆಗಾಲದ ಬೆಳಿಗ್ಗೆ ಅವರು ಬಸ್ಸಿಗಾಗಿ ನಿಂತು, ಗಂಟು ನೆನೆಯದಿರಲೆಂದು ತಮ್ಮ ಕೊಡೆಯನ್ನು ಗಂಟಿಗೆ ಹಿಡಿದು ತಾವು ತೊಯ್ಯುತ್ತಿದ್ದದ್ದನ್ನು ನಾನು ನೋಡಿದೆ. ಇತ್ತ ಶೆಡ್ಡಿನಲ್ಲಿ ಕಾರು ಹೊದಿಕೆ ಹೊದ್ದುಕೊಂಡು ಬೆಚ್ಚಗೆ ನಿಂತಿತ್ತು. ಅವತ್ತು ನನಗೆ ನಗು ಬರಲಿಲ್ಲ.

ಕೊನೆಗೆ ವಾರಂಟಿ ಮುಗಿಯುವ ವರ್ಷ ಬಂತು. ಚಿಕ್ಕಮ್ಮನ ಲೈಸೆನ್ಸ್ ಅವಧಿ ಮುಗಿಯುವುದೂ ಅದೇ ವರ್ಷ. ಅವರು ಅದನ್ನು ದಾರದ ಡಬ್ಬಿಯಿಂದ ತೆಗೆದು ತೋರಿಸಿದಾಗ ಚಿಕ್ಕಪ್ಪ, "ನೋಡು, ಹೊಸದರ ಹಾಗೇ ಇದೆ!" ಎಂದು ಮನಸಾರೆ ಮೆಚ್ಚಿದರು. ಚಿಕ್ಕಮ್ಮ ಅವರ ಮುಖವನ್ನೇ ನೋಡುತ್ತಾ, "ಕಣ್ಣಿನ ಡಾಕ್ಟ್ರು ಈ ಸಲ ಸರಿಯಾಗಿದೆ ಅಂದ್ರು. ಮುಂದಿನ ಸಲ ಏನಂತಾರೋ. ಈಗ ಓಡಿಸದಿದ್ರೆ ಇನ್ನು ಇಲ್ಲ ರೀ" ಅಂದರು. ಅವರು ಹಾಗೆ ಗಂಭೀರವಾಗಿ ಮಾತಾಡಿದ್ದು ಕಡಿಮೆ. ಚಿಕ್ಕಪ್ಪನಿಗೂ ತಟ್ಟಿತು. ಆ ವಾರವೇ ಮಾರಾಟದ ಸಿದ್ಧತೆ ಶುರುವಾಯಿತು.

ಬೀರುವಿನಿಂದ ಪೆಟ್ಟಿಗೆ ಇಳಿಯಿತು. ಬಸ್ ನಿಲ್ದಾಣದ ಎಲೆಕ್ಟ್ರಿಷಿಯನ್ ಮತ್ತೆ ಬಂದು ವೈರುಗಳನ್ನು ಮತ್ತೆ ತಿರುಚಿ, ಮತ್ತಷ್ಟು ಕಪ್ಪು ಟೇಪು ಸುತ್ತಿದ. ಮಂಚದ ಕೆಳಗಿನಿಂದ ವೀಲುಗಳು ಹೊರಗೆ ಬಂದವು, ಮಂಚ ಒಂದು ಮೂಲೆಗೆ ಕುಸಿಯಿತು. ಚಿಕ್ಕಮ್ಮ ನೆಲದ ಮೇಲೆ ಹಾಸಿಗೆ ಹಾಸಿಕೊಂಡರು. ಇನ್ನೇನು, ಗಾಡಿ ಬರುತ್ತದಲ್ಲ ಎಂಬ ಉತ್ಸಾಹದಲ್ಲಿ ಅದೂ ಅವರಿಗೆ ಕಷ್ಟವೆನಿಸಲಿಲ್ಲ. ಕಾರು ಶೋರೂಮಿನಿಂದ ಬಂದ ದಿನ ಹೇಗಿತ್ತೋ ಹಾಗೇ ಆಯಿತು. ಚಿಕ್ಕಪ್ಪ ಅದರ ಸುತ್ತ ಕೈಕಟ್ಟಿಕೊಂಡು ನಡೆದರು. ನಿಜ ಹೇಳಬೇಕೆಂದರೆ, ಅವತ್ತು ನನಗೂ ಅವರು ಗೆದ್ದರು ಅನ್ನಿಸಿತು.

ಹಳೆ ಕಾರು ಕೊಂಡು ಮಾರುವ ಅಂಗಡಿ ಊರ ಅಂಚಿನಲ್ಲಿತ್ತು. ವಿಶಾಲವಾದ ಅಂಗಳ, ಸಾಲುಸಾಲು ಕಾರುಗಳು, ಗಾಜಿನ ಮೇಲೆ ಬಣ್ಣದಲ್ಲಿ ಬರೆದ ಬೆಲೆಗಳು, ಮೂಲೆಯಲ್ಲೊಂದು ತಂಪು ಮಾಡಿದ ಆಫೀಸು. ನಾವು ಮೂವರೂ ಹೋಗಿದ್ದೆವು. ಚಿಕ್ಕಮ್ಮ ಅಂಗಳಕ್ಕೆ ಬಂದವರೇ ಚಿಕ್ಕ ಗಾಡಿಗಳ ಸಾಲಿನ ಕಡೆ ನಡೆದು, ಒಂದು ಕೆಂಪು ಕಾರಿನ ಕಿಟಕಿಗೆ ಎರಡೂ ಕೈ ಅಡ್ಡ ಹಿಡಿದು ಒಳಗೆ ನೋಡಿದರು. ಕಾರು ಪರೀಕ್ಷಿಸಲು ಬಂದವಳು ಟೋಪಿ ಹಾಕಿದ್ದ ಒಬ್ಬ ಯುವತಿ. ಅವಳಿಗೆ ನೆಗಡಿ. ಒಂದು ಕೈಯಲ್ಲಿ ಕರವಸ್ತ್ರ, ಇನ್ನೊಂದು ಕೈಯಲ್ಲಿ ಫೋನು. ನಮ್ಮ ಪಕ್ಕದಲ್ಲೇ ಇದೇ ಕಂಪನಿಯ, ಇದೇ ವರ್ಷದ ಇನ್ನೊಂದು ಕಾರಿನ ಪರೀಕ್ಷೆ ಆಗಷ್ಟೇ ಮುಗಿದಿತ್ತು. ಸಾದಾ ಮಾಡಲ್. ಅದರ ಸೀಟಿನ ಸಂದಿಯಲ್ಲಿ ಬಿಸ್ಕತ್ತಿನ ಚೂರು, ಹಿಂದಿನ ಗಾಜಿನ ಮೇಲೆ ನಾಯಿಯ ಮೂಗಿನ ಗುರುತು, ಕಾಲಿಡುವ ಕಡೆ ಮರಳು. ಚಿಕ್ಕಪ್ಪ ಅದನ್ನು ನೋಡಿ ಮೂಗು ಮುರಿದರು.

"ಪಾಪ, ಇದಕ್ಕೆ ಯಾರು ಕೊಡ್ತಾರೆ" ಅಂದರು.

ಯುವತಿ ಕೆಲಸ ಶುರುಮಾಡಿದಳು. ಸನ್‌ರೂಫಿನ ಗುಂಡಿ ಒತ್ತಿದಳು. ಮೇಲಿನಿಂದ ಕುಯ್ ಎಂದು ಸದ್ದು ಬಂತು, ಸನ್‌ರೂಫ್ ಬರಲಿಲ್ಲ. ಮತ್ತೆ ಒತ್ತಿದಳು.

"ರಬ್ಬರ್ ಅಂಟಿಕೊಂಡಿದೆ. ಯಾವಾಗ ತೆಗೆದಿದ್ರಿ ಸರ್?"

"ತೆಗೆದೇ ಇಲ್ಲ" ಅಂದರು ಚಿಕ್ಕಪ್ಪ, ಎದೆಯುಬ್ಬಿಸಿ.

ಅವಳು ಸೀನಿ, ಫೋನಿನಲ್ಲಿ ಏನೋ ಒತ್ತಿದಳು. ಟೈರುಗಳನ್ನು ಉಗುರಿನಿಂದ ಒತ್ತಿ ನೋಡಿ, ನಿಂತಲ್ಲೇ ಹಳತಾಗಿ ಗಟ್ಟಿಯಾಗಿವೆ, ಸವೆದಿಲ್ಲದಿದ್ದರೂ ಬದಲಾಯಿಸಬೇಕು ಅಂದಳು. ಡ್ಯಾಶ್‌ಬೋರ್ಡಿನ ಕೆಳಗೆ ಬಗ್ಗಿ ಟಾರ್ಚ್ ಬಿಟ್ಟಳು. ತುಸು ಹೊತ್ತು ಬಗ್ಗಿಯೇ ಇದ್ದಳು. ಎದ್ದಾಗ ಅವಳ ಬೆರಳಿಗೆ ಕಪ್ಪು ಟೇಪಿನ ಒಂದು ತುಂಡು ಅಂಟಿಕೊಂಡಿತ್ತು. ಕಂಪನಿಯ ಸರ್ವಿಸ್ ಸೆಂಟರಿಗೆ ಫೋನ್ ಮಾಡಿದಳು, ಗಾಡಿಯ ನಂಬರ್ ಹೇಳಿದಳು, ಹೂಂ ಹೂಂ ಎಂದಳು.

"ಸರ್, ಹೊರಗಡೆ ವೈರ್ ಕಟ್ ಮಾಡ್ಸಿದೀರಲ್ಲ, ಎಲೆಕ್ಟ್ರಿಕ್ ಭಾಗಕ್ಕೆ ವಾರಂಟಿ ಇಲ್ವಂತೆ. ಕಳೆದ ಸರ್ವಿಸ್‌ನಲ್ಲೇ ಬರೆದಿದಾರಂತೆ. ಹೀಗೆ ಆಗಿದ್ರೆ ಹೊಸ ಓನರ್ ಹೆಸರಿಗೂ ಮಾಡಿಕೊಡಲ್ಲ ಅಂದ್ರು."

ಚಿಕ್ಕಪ್ಪನ ಮುಖದ ಬಣ್ಣ ಇಳಿದುಹೋಯಿತು. "ಅದು... ಅದನ್ನ ಕಾಪಾಡೋಕೇ ಅಲ್ವಾ ನಾನು ತೆಗೆಸಿದ್ದು" ಅಂದರು.

ಆಫೀಸಿನ ಒಳಗೆ ಕೂತು ಅವಳು ಬೆಲೆ ಹೇಳಿದಳು. ಬೇರೆ ಯಾವ ಸದ್ದೂ ಇಲ್ಲದ ಆ ಕೋಣೆಯಲ್ಲಿ ಅದು ನಮಗೆಲ್ಲ ಸ್ಪಷ್ಟವಾಗಿ ಕೇಳಿಸಿತು. ಚಿಕ್ಕಪ್ಪ ಮಾತ್ರ ಇನ್ನೊಂದು ಸಲ ಹೇಳಿಸಿಕೊಂಡರು.

"ಸನ್‌ರೂಫ್‌ಗೆ?"

"ಬೇರೆ ಬೆಲೆ ಇಲ್ಲ ಸರ್. ತೆರೆಯೋದೂ ಇಲ್ವಲ್ಲ, ನಾವೇ ರಿಪೇರಿ ಮಾಡಿಸ್ಬೇಕು."

"ಮ್ಯೂಸಿಕ್ ಸಿಸ್ಟಮ್? ಮುಟ್ಟೇ ಇಲ್ಲ!"

"ಈಗ ಅದಕ್ಕಿಂತ ದೊಡ್ಡದು ಸಾದಾ ಗಾಡೀಲೇ ಬರುತ್ತೆ."

"ಅಲಾಯ್ ವೀಲು?"

"ಚೆನ್ನಾಗಿದೆ ಸರ್. ಗಾಡಿ ಬೇಗ ಹೋಗುತ್ತೆ. ಬೆಲೆ ಅಂತ ಹೆಚ್ಚಿಗೆ ಬರಲ್ಲ." ಅವಳು ಮೂಗು ಒರೆಸಿಕೊಂಡಳು. "ಪಕ್ಕದ ಗಾಡಿ ನೋಡಿ. ಎಕ್ಸ್‌ಟ್ರಾ ಏನೂ ಇಲ್ಲ, ಚೆನ್ನಾಗಿ ಓಡಿದೆ. ಆದ್ರೆ ವೈರ್ ಮುಟ್ಟಿಲ್ಲ, ಅವರೂ ದುಡ್ಡು ಕೊಟ್ಟು ಸೇರಿಸಿದ್ದ ವಾರಂಟಿ ಜೀವಂತ ಇದೆ. ಅದಕ್ಕೆ ನಿಮಗಿಂತ ಸ್ವಲ್ಪ ಜಾಸ್ತಿನೇ ಕೊಟ್ವಿ."

ನಾಯಿಯ ಮೂಗಿನ ಗುರುತಿದ್ದ ಗಾಡಿ! ಚಿಕ್ಕಪ್ಪ ಇಂಗು ತಿಂದ ಮಂಗನಂತೆ ಕೂತಿದ್ದರು. ಆಮೇಲೆ, ಕೊನೆಯ ದಾಳ ಉರುಳಿಸುವವರ ಹಾಗೆ ಮುಂದೆ ಬಾಗಿದರು. "ಆದ್ರೆ ಒಂದು ವಿಷಯ ನೀವು ಬರಕೊಂಡೇ ಇಲ್ಲ. ಇದು ಒಂದೇ ಕೈ ಓಡಿಸಿದ ಗಾಡಿ. ನನ್ನ ಹೆಂಡತಿಗೂ ಕೊಟ್ಟಿಲ್ಲ."

ಯುವತಿ ಫೋನಿನ ಪರದೆಯನ್ನು ಮೇಲೆ ಕೆಳಗೆ ಸರಿಸಿದಳು. "ಅದಕ್ಕೆ ಇಲ್ಲಿ ಜಾಗನೇ ಇಲ್ಲ ಸರ್. ಎಷ್ಟನೇ ಓನರ್ ಅಂತ ಮಾತ್ರ ಕೇಳುತ್ತೆ. ಮನೇಲಿ ಯಾರ್ಯಾರು ಓಡಿಸಿದ್ರು ಅಂತ ಯಾರು ಕೇಳ್ತಾರೆ?"

ನಾನು ಚಿಕ್ಕಮ್ಮನ ಕಡೆ ನೋಡಿದೆ. ಬೆಲೆ ಕೇಳಿದಾಗ ಅವರ ಮುಖದಲ್ಲಿ ಏನೂ ಆಗಿರಲಿಲ್ಲ. ಕೆಂಪು ಕಾರು ಕೈತಪ್ಪಿತು ಎಂದು ಅವರಿಗೆ ಅಷ್ಟರಲ್ಲೇ ಗೊತ್ತಾಗಿತ್ತು. ಈ ಮಾತಿಗೆ ಮಾತ್ರ ಅವರು ನಿಧಾನವಾಗಿ ತಲೆಯೆತ್ತಿದರು. ಅಷ್ಟು ವರ್ಷದ ಬಸ್ಸು, ಗಂಟು, ಕಂಡಕ್ಟರ್, ಮಳೆ, ಎಲ್ಲವೂ ಆ ಫೋನಿನಲ್ಲಿ ಬರೆದುಕೊಳ್ಳಲು ಜಾಗವೇ ಇಲ್ಲದ ಒಂದು ವಿಷಯಕ್ಕಾಗಿ. ಅವರು ಕೂಗಾಡಲಿ ಎಂದು ನಾನು ಬಯಸಿದೆ. ಅವರು ಯುವತಿಗೆ, "ನೆಗಡಿಗೆ ಬಿಸಿನೀರು ಕುಡೀರಿ" ಎಂದು ಹೇಳಿ ಎದ್ದರು.

ಕಾರು ಮಾರದೆಯೇ ಹೊರಗೆ ಬಂದ ಮೇಲೆ ಚಿಕ್ಕಪ್ಪನಿಗೆ ರೋಷ ಬಂತು. ಇವರಿಗೆ ಗಾಡಿಯ ಬೆಲೆಯೇ ಗೊತ್ತಿಲ್ಲ, ವಾರಂಟಿಯ ಬೆಲೆ ಗೊತ್ತಿಲ್ಲ ಎಂದು ಬೈದರು. ಆಗ ಗೇಟಿನ ಬಳಿಯ ದೊಡ್ಡ ಫಲಕ ನನ್ನ ಕಣ್ಣಿಗೆ ಬಿತ್ತು. 'ಪ್ರತಿ ಕಾರಿಗೂ ನಮ್ಮದೇ ವಾರಂಟಿ' ಎಂದು ಬರೆದಿತ್ತು. ಚಿಕ್ಕಪ್ಪ ಕಾರು ಕೊಟ್ಟಿದ್ದರೆ ಅದಕ್ಕೂ ಅವರು ತಮ್ಮ ವಾರಂಟಿಯನ್ನು ಸೇರಿಸಿ, ಅದಕ್ಕೆ ಬೇರೆ ದುಡ್ಡು ತೆಗೆದುಕೊಂಡು ಮಾರುತ್ತಿದ್ದರು. ನಾನು ಫಲಕವನ್ನು ಚಿಕ್ಕಪ್ಪನಿಗೆ ತೋರಿಸಲಿಲ್ಲ. ನನ್ನ ನಾಲಿಗೆ ಚುರುಕೇ, ಆದರೆ ಬಿದ್ದವರ ಮೇಲೆ ಕಾಲಿಡುವಷ್ಟು ಕೆಟ್ಟವಳಲ್ಲ.

ಮನೆಗೆ ಬಂದು ಮೂವರೂ ಊಟದ ಮೇಜಿನ ಮುಂದೆ ಕೂತೆವು. ಚಿಕ್ಕಪ್ಪ, "ಇನ್ನೊಂದೆರಡು ವರ್ಷ ಇಟ್ಕೊಳ್ಳೋಣ. ಮಾರ್ಕೆಟ್ ಏರುತ್ತೆ" ಅಂದರು.

"ಬೇಡ" ಅಂದರು ಚಿಕ್ಕಮ್ಮ. "ಮಾರಿಬಿಡಿ."

"ಯಾರಿಗೆ? ಆ ನೆಗಡಿಯವಳಿಗಾ?"

"ನನಗೆ."

ಚಿಕ್ಕಪ್ಪ ನಕ್ಕರು. ಚಿಕ್ಕಮ್ಮ ನಗಲಿಲ್ಲ. ಒಳಗೆ ಹೋಗಿ, ಹೊಲಿಗೆಯ ದುಡ್ಡಿಡುವ ಚೀಲ ತಂದು ಮೇಜಿನ ಮೇಲಿಟ್ಟರು. "ಇದು ಅವರು ಹೇಳಿದ್ದಕ್ಕಿಂತ ಕಡಿಮೆ ಇದೆ. ನಾನು ಇಷ್ಟೇ ಕೊಡೋದು. ಸನ್‌ರೂಫ್ ತೆರೆಯಲ್ಲ. ಟೈರ್ ಗಟ್ಟಿಯಾಗಿದೆ. ವೈರ್ ಕತ್ತರಿಸಿದೆ, ವಾರಂಟಿ ಇಲ್ಲ."

ಇಲ್ಲಿ ಏನಾಯಿತು ಎಂಬುದನ್ನು ನಾನು ಎಷ್ಟು ಸಲ ಹೇಳಿದರೂ ಯಾರೂ ನಂಬುವುದಿಲ್ಲ. ಚಿಕ್ಕಪ್ಪನ ಕಣ್ಣಲ್ಲಿ ಹೊಳಪು ಬಂತು. ಎಷ್ಟೋ ವರ್ಷದಿಂದ ಅವರು ಕಾಯುತ್ತಿದ್ದ ಮುಂದಿನವರು ಕೊನೆಗೂ ಎದುರಿಗೆ ಬಂದು ಕೂತಿದ್ದರು! ಅವರು ಕುರ್ಚಿ ಎಳೆದುಕೊಂಡರು. ವೀಲುಗಳಿಗೆ ಒಂದು ಗೀರೂ ಇಲ್ಲ ಎಂದರು. ಸೀಟಿನ ಪ್ಲಾಸ್ಟಿಕ್ ಸಮೇತ ಕೊಡುತ್ತಿದ್ದೇನೆ ಎಂದರು. ಹೆಂಡತಿ ಎಂಬುದನ್ನೇ ಮರೆತು, ಅಷ್ಟು ದಿನ ಮನಸ್ಸಿನಲ್ಲೇ ಹೇಳಿಕೊಂಡು ಅಭ್ಯಾಸವಾಗಿದ್ದ ಆ ಮಾತನ್ನು ಹೇಳಿಬಿಟ್ಟರು: "ಒಂದೇ ಕೈ ಓಡಿಸಿದ ಗಾಡಿ ಮೇಡಂ!"

"ಯಾರ ಕೈ ಅಂತ ನನಗೆ ಗೊತ್ತು" ಅಂದರು ಚಿಕ್ಕಮ್ಮ. "ಅದಕ್ಕೇ ಕಡಿಮೆ ಕೇಳ್ತಿರೋದು."

ಅರ್ಧ ಗಂಟೆ ಜಗ್ಗಾಡಿದರು. ಚಿಕ್ಕಮ್ಮ ಬಟ್ಟೆಯ ಅಂಗಡಿಯವರ ಹತ್ತಿರ ಪಳಗಿದವರು, ಒಂದು ಎಳೆಯೂ ಸಡಿಲ ಬಿಡಲಿಲ್ಲ. ಒಪ್ಪಂದವಾಗಿ ಕೈಗೆ ಚೀಲ ಬಂದ ಮೇಲಷ್ಟೇ ಚಿಕ್ಕಪ್ಪನಿಗೆ ಎಚ್ಚರವಾಯಿತು. "ಏ, ನಿನ್ನ ಹೆಸರಿಗೆ ಮಾಡಿಸಿದ್ರೆ ಎರಡನೇ ಓನರ್ ಆಗುತ್ತೆ! ಮುಂದೆ ಮಾರುವಾಗ ಬೆಲೆ ಬಿದ್ದುಹೋಗುತ್ತೆ!"

"ಬೀಳ್ಲಿ. ನಾನು ಮಾರಲ್ಲ."

ಇದು ಚಿಕ್ಕಪ್ಪನ ಬುದ್ಧಿಗೆ ಎಟುಕದ ಮಾತು. ಮಾರದಿದ್ದರೆ ವಸ್ತು ಇಟ್ಟುಕೊಳ್ಳುವುದು ಯಾಕೆ ಎಂದು ಅವರು ನನ್ನ ಮುಖ ನೋಡಿದರು. ನನಗೆ ಅವರನ್ನು ಕಂಡು ಮೊದಲ ಸಲ ಕನಿಕರವಾಯಿತು.

ಹೆಸರು ಬದಲಾಯಿಸುವ ಕೆಲಸ ಮುಗಿದ ದಿನ ಚಿಕ್ಕಮ್ಮ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಹಿಡಿದು ಶೆಡ್ಡಿಗೆ ಬಂದರು. ಸೀಟಿನ ಪ್ಲಾಸ್ಟಿಕ್ಕನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರ್ರನೆ ಸೀಳಿದರು. ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡರು. ಒಳಗಿನ ಚರ್ಮದ ತುಂಬ ಬೂಷ್ಟು. ಗಾಳಿಯಾಡದೆ, ತೇವ ಕೂತು, ಬಿಳಿಯ ಚುಕ್ಕೆ ಚುಕ್ಕೆ. ಯಾರೂ ಕೂರದ ಹಿಂದಿನ ಸೀಟಿಗೇ ಹೆಚ್ಚು. ಚಿಕ್ಕಮ್ಮ ಒದ್ದೆ ಬಟ್ಟೆ ತಂದು ಒರೆಸಿದರು, ಹೋದಷ್ಟು ಹೋಯಿತು. ಉಳಿದದ್ದರ ಮೇಲೆ ಯೂನಿಫಾರ್ಮಿನ ಗಂಟುಗಳನ್ನು ಪೇರಿಸಿದರು.

ಚಿಕ್ಕಪ್ಪ ರಸ್ತೆಯಲ್ಲಿ ನಿಂತು, "ಬರ್ಲಿ, ಬರ್ಲಿ, ಎಡಕ್ಕೆ, ಎಡಕ್ಕೆ" ಎನ್ನುತ್ತಿದ್ದರು. ಚಿಕ್ಕಮ್ಮ ಹಿಂದಕ್ಕೆ ತೆಗೆದರು. ಕರ್ ಎಂದು ಸದ್ದಾಯಿತು. ಗೇಟಿನ ಕಂಬ ಬಾಗಿಲಿನ ಉದ್ದಕ್ಕೂ ಒಂದು ಗೆರೆ ಎಳೆದಿತ್ತು. ಚಿಕ್ಕಮ್ಮ ಇಳಿದು ಬಂದು, ಗೆರೆಯ ಮೇಲೆ ಬೆರಳಾಡಿಸಿದರು. ಅವರ ಮುಖ ಅಷ್ಟು ನಿರಾಳವಾದದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ಸದ್ಯ" ಅಂದರು. "ಇನ್ನು ಇದನ್ನ ಯಾರೂ ಕೇಳಲ್ಲ."

ಮತ್ತೆ ಒಳಗೆ ಕೂತು, ಪಕ್ಕದ ಬಾಗಿಲು ತೆರೆದರು. "ಹತ್ತಿ. ನಿಮ್ಮನ್ನ ಗೋದಾಮಿನ ಹತ್ತಿರ ಇಳಿಸಿ ನಾನು ಆಸ್ಪತ್ರೆಗೆ ಹೋಗ್ತೀನಿ."

ಚಿಕ್ಕಪ್ಪ ಒಂದು ಗಳಿಗೆ ತಡೆದರು. ಆಮೇಲೆ ಹತ್ತಿ ಕೂತರು. ಚಿಕ್ಕಮ್ಮ ಕ್ಲಚ್ಚನ್ನು ತಮ್ಮದೇ ಥರದಲ್ಲಿ ತುಳಿದರು, ಕಾರು ಒಂದು ಸಲ ಕುಲುಕಿ, ಬಸ್ ಸ್ಟಾಪಿನ ಮುಂದಿನಿಂದ ಹಾದು, ತಿರುವಿನಲ್ಲಿ ಮರೆಯಾಯಿತು. ನಾನು ಗೇಟು ಹಾಕಲು ಬಗ್ಗಿದಾಗ ಕಂಡಿತು: ರಸ್ತೆಯ ಬದಿಯಲ್ಲಿ, ಕಾರಿನ ಬಾಗಿಲಿದ್ದ ಜಾಗದಲ್ಲಿ, ಚಿಕ್ಕಪ್ಪನ ಚಪ್ಪಲಿಗಳು ಅಚ್ಚುಕಟ್ಟಾಗಿ ಜೋಡಿಸಿಟ್ಟ ಹಾಗೇ ಇದ್ದವು.